ಡಿಪ್ಯೂಸು, ಮತ್ತು ಅವ್ವನ ಬಿಳಿ ಪಂಚೆ

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಆದರೂ ಒಂದು ಇಂಗ್ಲಿಷ್ ಪದ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುತ್ತಲೇ ಇರುತ್ತಿತ್ತು. ಡಿಪ್ಯೂಸು. ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಪ್ಪನ ಫೋಟೋ ಸ್ಟುಡಿಯೋ ಇತ್ತು, ಈಗ ಅದು ಅವನ ಮಗಳಾದ ನನ್ನದು. ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಒಂದು ಪರದೆ. ಅಪ್ಪ ಚಿಕ್ಕವನಿದ್ದಾಗ ತುಮಕೂರಿನ ಯಾವುದೋ ಸ್ಟುಡಿಯೋದಲ್ಲಿ ಕೆಲಸ ಕಲಿತು, ಕ್ಯಾಮೆರಾದ ಜೊತೆ ಈ ಪದವನ್ನೂ ತಂದಿದ್ದ. ಡಿಫ್ಯೂಸ್ ಅನ್ನಬೇಕು ಎಂದು ನಾನು ಹೈಸ್ಕೂಲಿಗೆ ಹೋದ ಮೇಲೆ ತಿದ್ದಲು ನೋಡಿದೆ. ಅಪ್ಪ ಕೇಳಲಿಲ್ಲ, ಕಡೆಗೆ ನಾನೂ ಅವನ ಹಾಗೇ ಅನ್ನಲು ಶುರು ಮಾಡಿದೆ.

ಅರ್ಥ ಸುಲಭ. ಫ್ಲ್ಯಾಶಿನ ಬೆಳಕು ನೇರವಾಗಿ ಮುಖಕ್ಕೆ ಬಿದ್ದರೆ ಕೆನ್ನೆಗೆ ಬಾರಿಸಿದ ಹಾಗೆ. ಮೂಗು ಹೊಳೆಯುತ್ತದೆ, ಹಣೆ ಬೆಳ್ಳಗಾಗುತ್ತದೆ, ಹಿಂದಿನ ಗೋಡೆಯ ಮೇಲೆ ಕರಿ ನೆರಳು ಕೂರುತ್ತದೆ. ಅದೇ ಬೆಳಕಿನ ಮುಂದೆ ಒಂದು ಬಿಳಿ ಬಟ್ಟೆ ಹಿಡಿದರೆ ಬೆಳಕು ಅದರಲ್ಲಿ ಚದುರಿ, ನಾಲ್ಕೂ ಕಡೆಯಿಂದ ಮೆಲ್ಲಗೆ ಬಂದು ಮುಖದ ಮೇಲೆ ಇಳಿಯುತ್ತದೆ. ಹಾಗೆ ಚದುರಿಸುವುದಕ್ಕೇ ಡಿಪ್ಯೂಸು ಅನ್ನುವುದು. ದೊಡ್ಡ ಊರಿನ ಸ್ಟುಡಿಯೋಗಳಲ್ಲಿ ಇದಕ್ಕೆ ಬಿಳಿ ಛತ್ರಿ, ಬಟ್ಟೆಯ ಪೆಟ್ಟಿಗೆ ಎಂದು ಏನೇನೋ ಇದ್ದವು. ನಮ್ಮಲ್ಲಿ ಇದ್ದದ್ದು ತಾತನ ಒಂದು ಹಳೇ ಪಂಚೆ. ಅದನ್ನು ಎರಡು ಮಡಿಕೆ ಮಾಡಿ ಮೇಲಿನ ಅಂಚಿಗೆ ಒಂದು ಕೋಲು ಸೇರಿಸಿ ಹೊಲಿದಿದ್ದರು. ಅದನ್ನು ಹಿಡಿದು ನಿಲ್ಲುತ್ತಿದ್ದವಳು ಅವ್ವ.

ಅವ್ವ ಕುಣಿಗಲ್ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲೇ ಅಪ್ಪ ಅವಳ ಕೈಗೆ ಆ ಪಂಚೆ ಕೊಟ್ಟು, ಹಿಂಗ್ ಹಿಡ್ಕೊಂಡು ನಿಂತ್ಕೊ ಅಂದನಂತೆ. ಅವತ್ತಿನಿಂದ ಅವಳು ನಿಂತೇ ಇದ್ದಳು. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬಂದ ಹುಡುಗರಿಗೆ, ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಿಕೊಳ್ಳಲು ಬಂದ ಹೆಣ್ಣುಮಕ್ಕಳಿಗೆ, ಬೆಳ್ಳಾವಿಯ ಮದುವೆಗೆ, ಯಾರದೋ ತೊಟ್ಟಿಲು ಶಾಸ್ತ್ರಕ್ಕೆ, ಎಲ್ಲದಕ್ಕೂ ಅಪ್ಪನ ಸ್ಕೂಟರಿನ ಹಿಂದೆ ಪಂಚೆಯ ಕೋಲು ಹಿಡಿದು ಕೂತು ಹೋಗುತ್ತಿದ್ದಳು. ಮದುವೆಮನೆಯ ಹೆಂಗಸರು ಊಟಕ್ಕೆ ಕರೆದರೆ, ಮೊದ್ಲು ಧಾರೆ ಮುಗೀಲಿ ಅನ್ನುತ್ತಿದ್ದಳು. ಸುಮ್ಮನೆ ನಿಂತು ನಿಂತು ಅವಳಿಗೆ ಕಾಲಿನಲ್ಲಿ ನರ ಉಬ್ಬಿದ್ದವು.

ಪದವನ್ನು ಸ್ಟುಡಿಯೋದಿಂದ ಅಡುಗೆಮನೆಗೆ ತಂದವಳು ಅವಳೇ. ಸಾರು ಖಾರವಾದರೆ ಒಂದು ಚೂರು ಮಜ್ಜಿಗೆ ಹಾಕ್ಕೊಂಡು ಡಿಪ್ಯೂಸ್ ಮಾಡ್ಕೊ ಅನ್ನುತ್ತಿದ್ದಳು. ಅಡುಗೆಮನೆ ಕಿಟಕಿಗೆ ಹಳೇ ಸೀರೆ ಕಟ್ಟಿ ಬಿಸಿಲನ್ನು ಡಿಪ್ಯೂಸ್ ಮಾಡಿದ್ದಳು. ಅಪ್ಪ ಯಾವುದಕ್ಕಾದರೂ ಸಿಡುಕಿದರೆ ನನ್ನ ಕೈಗೆ ಕಾಫಿ ಲೋಟ ಕೊಟ್ಟು, ಹೋಗು, ನಿಮ್ಮಪ್ಪನ್ನ ಡಿಪ್ಯೂಸ್ ಮಾಡ್ಬುಟ್ ಬಾ ಎಂದು ಕಳಿಸುತ್ತಿದ್ದಳು. ನಾನು ಸ್ಕೂಲಿನಲ್ಲಿ ಜಗಳ ಆಡಿಕೊಂಡು ಬಂದರೂ ಅದೇ ಮದ್ದು. ನನಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ, ಅದು ಎಲ್ಲಿಂದ ಬಂತೋ ಅಪ್ಪ ಅವ್ವ ಇಬ್ಬರಿಗೂ ಗೊತ್ತಿರಲಿಲ್ಲ.

ಆಗ ಫಿಲ್ಮ್ ರೋಲಿನ ಕಾಲ. ರೋಲಿನ ಕೊನೆಗೆ ಒಂದೆರಡು ಫೋಟೋ ತೆಗೆಯುವಷ್ಟು ಉಳಿದುಬಿಡುತ್ತಿತ್ತು. ಅಪ್ಪ ಅವ್ವನನ್ನು ಕುರ್ಚಿಯ ಮೇಲೆ ಕೂತುಕೊಳ್ಳಲು ಕರೆಯುತ್ತಿದ್ದ. ಅವಳದು ಯಾವತ್ತೂ ಒಂದೇ ಪ್ರಶ್ನೆ.

"ಬಟ್ಟೆ ಯಾರು ಹಿಡ್ಕತಾರೆ?"

ಹಾಗಂದು ಅವಳು ನನ್ನನ್ನು ಎತ್ತಿ ಆ ಕುರ್ಚಿಯ ಮೇಲೆ ಕೂರಿಸಿ ತಾನು ಪಂಚೆ ಹಿಡಿಯುತ್ತಿದ್ದಳು. ಹಾಗಾಗಿ ನನ್ನ ಫೋಟೋಗಳು ಒಂದು ಟ್ರಂಕಿನ ತುಂಬ ಇವೆ, ಅವಳದು ಅದರಲ್ಲಿ ಒಂದೂ ಇರಲಿಲ್ಲ. ಫೋಟೋ ಸ್ಟುಡಿಯೋ ಇಟ್ಟುಕೊಂಡ ಮನೆಯಲ್ಲಿ ಹೀಗಾಗುತ್ತದೆಯೇ ಎಂದರೆ, ಆಗುತ್ತದೆ.

ಈಗ ದೊಡ್ಡಪ್ಪನ ವಿಷಯ. ಅಪ್ಪನ ಅಣ್ಣ. ತುಮಕೂರಿನಲ್ಲಿ ಕೊಬ್ಬರಿ ಮಂಡಿ, ಸದಾಶಿವನಗರದಲ್ಲಿ ಮಹಡಿ ಮನೆ, ಯಾವ ಸಮಾರಂಭವಾದರೂ ವೇದಿಕೆಯ ಮೇಲೆ ಒಂದು ಕುರ್ಚಿ. ನಾನು ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಕಂತಲೇ. ಎದುರಿಗಿದ್ದಾಗ ಬಹುವಚನ ಕೊಟ್ಟೂ ಕೊಟ್ಟೂ ನಾಲಿಗೆ ಸವೆದಿದೆ. ಅವ್ವ ಅಪ್ಪನ ಜೊತೆ ಮದುವೆಮನೆಗಳಿಗೆ ಹೋಗುವುದು ಅವನಿಗೆ ಸೇರುತ್ತಿರಲಿಲ್ಲ. ನಮ್ಮ ಮನೆ ಸೊಸೆ ಊರೂರ ಮೇಲೆ ಪಂಚೆ ಹಿಡ್ಕೊಂಡು ನಿಲ್ತಾಳೆ ಎಂದು ನೆಂಟರ ಮುಂದೆ ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ, ಅದಕ್ಕೇ ನನಗೆ ಹೊಟ್ಟೆ ಉರಿಯುತ್ತಿದ್ದದ್ದು.

ಅವನ ಮನೆಯ ಹಾಲಿನಲ್ಲಿ ಒಂದು ಗೋಡೆ ಇತ್ತು, ಅದನ್ನು ಹೇಳದೆ ಮುಂದಕ್ಕೆ ಹೋಗಲಾಗುವುದಿಲ್ಲ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆಗೆ ಮೈಗೆ ವಿಭೂತಿ ಧರಿಸಿ, ಕೂರಿಸುತ್ತೇವೆ. ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಹಾಗೆ ಕೂರಿಸಿದಾಗ ಒಂದು ಫೋಟೋ ತೆಗೆಯುವುದು ವಾಡಿಕೆ. ಕೂತ ಫೋಟೋ ಅನ್ನುತ್ತೇವೆ. ದೊಡ್ಡಪ್ಪ ವಂಶದ ಹಿರಿಯರ ಕೂತ ಫೋಟೋಗಳನ್ನು ಒಂದೇ ಅಳತೆಯ ಚೌಕಟ್ಟು ಹಾಕಿಸಿ ಆ ಗೋಡೆಯ ಮೇಲೆ ಸಾಲಾಗಿ ನೇತು ಹಾಕಿದ್ದ. ಮುತ್ತಾತ, ತಾತ, ಅಜ್ಜಿ, ಚಿಕ್ಕಜ್ಜಿ. ಬದುಕಿದ್ದಾಗ ತೆಗೆದ ಫೋಟೋ ಎಷ್ಟೇ ಚೆನ್ನಾಗಿರಲಿ, ಆ ಸಾಲಿಗೆ ಅದು ನಡೆಯುತ್ತಿರಲಿಲ್ಲ. ಆ ಮನೆಗೆ ಬಂದ ಸೊಸೆಯರು ಮೊದಲು ಆ ಗೋಡೆಗೆ ಕೈ ಮುಗಿದು ಆಮೇಲೆ ಒಳಗೆ ಹೋಗಬೇಕಿತ್ತು.

ಕೂತ ಫೋಟೋ ತೆಗೆಯುವುದು ಬಲು ಕಷ್ಟ, ಕಾರಣ ವಿಭೂತಿ. ಒಣಗಿದ ವಿಭೂತಿ ಸುಣ್ಣದಷ್ಟು ಬಿಳಿ. ಅದಕ್ಕೆ ಫ್ಲ್ಯಾಶ್ ನೇರವಾಗಿ ಹೊಡೆದರೆ ಹಣೆ, ಮುಖ ಎಲ್ಲ ಒಂದಾಗಿ ಬೆಳಕಿನ ಉಂಡೆಯಾಗಿಬಿಡುತ್ತದೆ. ಅದಕ್ಕೇ ಸಾವಿನ ಮನೆಗೂ ಅವ್ವ ಪಂಚೆ ಹಿಡಿದು ಹೋಗುತ್ತಿದ್ದಳು. ಹೆಂಗಸರೆಲ್ಲ ಅಳುತ್ತಿರುವಾಗ ಅವಳೊಬ್ಬಳು ಹೆಣದ ಪಕ್ಕದಲ್ಲಿ ಕೋಲು ಎತ್ತಿಕೊಂಡು ಅಲ್ಲಾಡದೆ ನಿಂತಿರುತ್ತಿದ್ದಳು. ಗುಬ್ಬಿ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಹಿರಿಯರ ಮುಖ ಇವತ್ತಿಗೂ ಗೋಡೆಯ ಮೇಲೆ ಕಾಣುತ್ತಿದೆಯೆಂದರೆ ಅದು ಅವಳ ಕೈ.

ನಾನು ಪಿಯುಸಿಯಲ್ಲಿದ್ದಾಗ ಅವ್ವ ಸತ್ತಳು. ಕಾಮಾಲೆ ಜ್ವರ, ಆಸ್ಪತ್ರೆಗೆ ಸೇರಿಸಿದ್ದೂ ತಡ, ಕರೆದುಕೊಂಡು ಬಂದದ್ದೂ ಬೇಗ. ಅವಳನ್ನು ಸ್ಟುಡಿಯೋದಲ್ಲೇ ಕೂರಿಸಿದರು, ಮನೆಯಲ್ಲಿ ಅಷ್ಟು ಜನಕ್ಕೆ ಜಾಗ ಇದ್ದದ್ದು ಅಲ್ಲೇ. ಗಿರಾಕಿಗಳು ಕೂರುವ ಕುರ್ಚಿಯ ಮೇಲೆ. ಆ ಕುರ್ಚಿಯ ಮೇಲೆ ಅವಳು ಕೂತದ್ದು ಅದೇ ಮೊದಲು.

ನನ್ನನ್ನು ಹಿಂದೆ ಮನೆಯಲ್ಲಿ ಇಬ್ಬರು ಹೆಂಗಸರು ಹಿಡಿದುಕೊಂಡು ಏನೋ ಕುಡಿಸುತ್ತಿದ್ದರು. ಪರದೆ ಅರ್ಧ ಸರಿದಿತ್ತು. ಅಪ್ಪ ಕ್ಯಾಮೆರಾ ಹಿಡಿದು ನಿಂತಿದ್ದ. ಮೂಲೆಯಲ್ಲಿ ಒರಗಿಸಿದ್ದ ಪಂಚೆಯ ಕೋಲು ತೆಗೆದುಕೊಂಡು ಸುತ್ತ ನೋಡಿದ. ಯಾರ ಕೈಗೆ ಕೊಡಬೇಕೆಂದು ಅವನಿಗೆ ತೋಚಲಿಲ್ಲ. ಹೆಂಗಸರ ಮಧ್ಯದಿಂದ ದೊಡ್ಡಮ್ಮ, ದೊಡ್ಡಪ್ಪನ ಹೆಂಡತಿ, ಕಣ್ಣು ಒರೆಸಿಕೊಂಡು ಎದ್ದಳು, ನಾನ್ ಹಿಡ್ಕತೀನಿ ಕೊಡಪ್ಪ ಅಂದಳು. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಅವಳ ಕಡೆ ತಿರುಗಲೂ ಇಲ್ಲ. ಬಲಗೈಯನ್ನು ಮುಂದಕ್ಕೆ ಚಾಚಿ, ನಾಯಿಗೆ ಕೂತ್ಕೋ ಅನ್ನುವಾಗ ಮಾಡುತ್ತೇವಲ್ಲ, ಹಾಗೆ ಅಂಗೈ ಕೆಳಕ್ಕೆ ಒತ್ತಿದ. ದೊಡ್ಡಮ್ಮ ಕೂತುಬಿಟ್ಟಳು.

"ಬಟ್ಟೆ ಗಿಟ್ಟೆ ಏನೂ ಬ್ಯಾಡ. ಹೊಡ್ದು ಮುಗಿಸ್ಲಾ," ಅಂದ ಅಪ್ಪನಿಗೆ. "ಸತ್ತೋಳಿಗೆ ಯಾವ ಸಿಂಗಾರ?"

ಅಪ್ಪ ಹೊಡೆದ. ಪರದೆಯ ಸಂದಿಯಿಂದ ಬೆಳಕು ನನ್ನ ಕಣ್ಣಿಗೂ ಬಡಿಯಿತು. ನಾನು ಕೊಸರಿಕೊಂಡು ಹೋಗುವಷ್ಟರಲ್ಲಿ ಅವ್ವನನ್ನು ಎತ್ತುತ್ತಿದ್ದರು.

ರೋಲು ತುಮಕೂರಿನ ಲ್ಯಾಬಿಗೆ ಹೋಗಿ ಬಂತು. ಅಪ್ಪ ಕವರು ಬಿಚ್ಚಿದ, ನೋಡಿದ, ಕುರ್ಚಿಯ ಮೇಲೆ ಕೂತ. ಫೋಟೋದಲ್ಲಿ ಸೀರೆ ಇತ್ತು, ಹೂವಿನ ಹಾರ ಇತ್ತು, ಕುರ್ಚಿಯ ಕೆತ್ತನೆಯೂ ಚೆನ್ನಾಗಿ ಬಂದಿತ್ತು. ಅವ್ವನ ಮುಖ ಇರಬೇಕಾದ ಜಾಗದಲ್ಲಿ ಬಿಳಿ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ನೆಗೆಟಿವಿನಲ್ಲಿ ಆ ಜಾಗ ಇದ್ದಿಲಿನಷ್ಟು ಕಪ್ಪಾಗಿತ್ತು. ಅಪ್ಪ ಮತ್ತೆ ಮತ್ತೆ ಲ್ಯಾಬಿಗೆ ಹೋಗಿ ಗಾಢವಾಗಿ ಪ್ರಿಂಟು ಹಾಕಿಸಿದ, ಒಂದು ಕಿವಿಯೋಲೆಯ ಗೆರೆ ಬಂತೇ ಹೊರತು ಮುಖ ಬರಲಿಲ್ಲ.

ಏನಾಗಿತ್ತೆಂದು ಅವನು ನನಗೆ ಬಹಳ ದಿನ ಬಿಟ್ಟು ಹೇಳಿದ. ಎರಡು ಮಡಿಕೆಯ ಪಂಚೆ ಅರ್ಧಕ್ಕರ್ಧ ಬೆಳಕನ್ನು ಕುಡಿದುಬಿಡುತ್ತದೆ. ಅದಕ್ಕೆ ಅಪ್ಪ ಲೆನ್ಸನ್ನು ಯಾವಾಗಲೂ ಅಷ್ಟು ಹೆಚ್ಚು ತೆರೆದು, ಫ್ಲ್ಯಾಶನ್ನು ಪೂರ್ತಿ ಜೋರಿಗೆ ಇಟ್ಟಿರುತ್ತಿದ್ದ. ಬಟ್ಟೆ ಇಲ್ಲದೆ ಹೊಡೆಯುವುದಾದರೆ ಎರಡನ್ನೂ ಇಳಿಸಬೇಕಿತ್ತು. ಇಳಿಸಲಿಲ್ಲ. ಕಣ್ಣೆದುರಿಗೇ ಅವಳು ಕೂತಿದ್ದರೂ ಅವನ ಕೈ ಮಾತ್ರ ಅವಳು ಪಕ್ಕದಲ್ಲಿ ಪಂಚೆ ಹಿಡಿದು ನಿಂತಿದ್ದಾಳೆ ಅಂದುಕೊಂಡೇ ಕೆಲಸ ಮಾಡಿತ್ತು. ಇದನ್ನು ಹೇಳಿ ಅಪ್ಪ, ತಪ್ಪು ನಂದೇ ಬುಡು ಅಂದ. ನಾನು ಹಾಗನ್ನುವುದಿಲ್ಲ. ದೊಡ್ಡಮ್ಮನ ಕೈಗೆ ಪಂಚೆ ಕೊಡಲು ಬಿಟ್ಟಿದ್ದರೆ ಅವ್ವನ ಮುಖ ಇವತ್ತು ನನ್ನ ಹತ್ತಿರ ಇರುತ್ತಿತ್ತು. ತಡೆದದ್ದು ಆ ಬಲಗೈ.

ಅವಸರ ಯಾಕಿತ್ತು ಎನ್ನುವುದು ಮಾರನೇ ದಿನದ ಪೇಪರಿನಲ್ಲಿ ಗೊತ್ತಾಗಿತ್ತು. ಅವತ್ತು ಸಂಜೆ ತುಮಕೂರಿನಲ್ಲಿ ದೊಡ್ಡಪ್ಪನಿಗೊಂದು ಸನ್ಮಾನ ಇತ್ತು. ಶಾಲು ಹೊದ್ದು, ಪೇಟ ಇಟ್ಟುಕೊಂಡು ಹಲ್ಲು ಕಿರಿದಿದ್ದ. ಪೇಪರಿನ ಫೋಟೋದಲ್ಲಿ ಅವನ ಮುಖ ಬಲು ಚೆನ್ನಾಗಿ ಬಂದಿತ್ತು. ಯಾರೋ ಹಿರಿಯರು ಕೇಳಿದ್ದಕ್ಕೆ, ನಮ್ಮಲ್ಲಿ ಸೂತಕ ಅನ್ನೋದಿಲ್ಲವಲ್ಲ, ಹೋದರೇನು ತಪ್ಪು ಅಂದನಂತೆ. ಶಾಸ್ತ್ರ ಅವನಿಗೆ ಬೇಕಾದಾಗ ಮಾತ್ರ ನೆನಪಾಗುತ್ತಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಅಪ್ಪ ಅವ್ವನ ಮುಖಕ್ಕಾಗಿ ಕುಣಿಗಲ್ಲಿನ ಅವಳ ತವರಿಗೂ ಹೋಗಿ ಹುಡುಕಿ ಬಂದ. ಮದುವೆಯ ಫೋಟೋ ಒಂದಿತ್ತು, ತಲೆ ಬಗ್ಗಿಸಿ ಕೂತಿದ್ದಳು, ಬಾಸಿಂಗದ ಕೆಳಗೆ ಗದ್ದದ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ವೋಟರ್ ಕಾರ್ಡಿನಲ್ಲಿ ಅವಳು ಬೇರೆ ಯಾರೋ ಹೆಂಗಸಿನ ಹಾಗಿದ್ದಳು. ಕಡೆಗೆ ಆ ಕೂತ ಫೋಟೋಗೇ ಗೋಡೆಯ ಅಳತೆಯ ಚೌಕಟ್ಟು ಹಾಕಿಸಿ, ನನ್ನನ್ನೂ ಕರೆದುಕೊಂಡು ಸದಾಶಿವನಗರಕ್ಕೆ ಹೋದ. ಅಜ್ಜಿಯ ಪಕ್ಕ ಜಾಗ ಇತ್ತು. ದೊಡ್ಡಪ್ಪ ಫೋಟೋಗೆ ಸುತ್ತಿದ್ದ ಪೇಪರು ಬಿಚ್ಚಿ ನೋಡಿ ಅದನ್ನು ಸೋಫಾದ ಮೇಲೆ ಕವುಚಿ ಹಾಕಿದ.

"ಮುಖ ಇಲ್ದಿರೋ ಫೋಟೋ ಈ ಗೋಡೆಗೆ ಬ್ಯಾಡ."

ಅಡುಗೆಮನೆ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಅಪ್ಪ ಫೋಟೋಗೆ ಮತ್ತೆ ಅದೇ ಪೇಪರು ಸುತ್ತಿದ. ಗುಬ್ಬಿ ಬಸ್ಸಿನಲ್ಲಿ ಅದನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ದೊಡ್ಡಪ್ಪ, ನಿನ್ನ ಕೂತ ಫೋಟೋ ನಾನೇ ತೆಗೀತೀನಿ ಎಂದು ಆ ಬಸ್ಸಿನಲ್ಲೇ ನಿರ್ಧಾರ ಮಾಡಿದೆ. ಅವತ್ತು ನನಗೆ ಕ್ಯಾಮೆರಾ ಹಿಡಿಯಲೂ ಬರುತ್ತಿರಲಿಲ್ಲ.

ಕಲಿತೆ. ಅಪ್ಪ ಆಮೇಲೆ ಸಾವಿನ ಮನೆಗಳಿಗೆ ಹೋಗುವುದನ್ನೇ ಬಿಟ್ಟ, ನಾನು ಹೋದೆ. ಅಪ್ಪನೂ ತೀರಿಕೊಂಡ ಮೇಲೆ ಸ್ಟುಡಿಯೋ ನಾನೊಬ್ಬಳೇ ನೋಡಿಕೊಂಡೆ. ಎಲ್ಲರ ಕೈಗೂ ಮೊಬೈಲ್ ಬಂದು ಗಿರಾಕಿಗಳು ಕಡಿಮೆಯಾದಾಗ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಗೆ ಕೆಲಸಕ್ಕೆ ಸೇರಿದೆ. ಅಲ್ಲಿ ಎಲ್ಇಡಿ ಲೈಟಿನ ಮುಂದೆ ಕೂರಿಸುವ ಹಾಲು ಬಣ್ಣದ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಪ್ಯಾಕ್ ಮಾಡುತ್ತಿದ್ದೆವು. ರಟ್ಟಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಡಿಫ್ಯೂಸರ್ ಎಂದು ಅಚ್ಚಾಗಿತ್ತು. ಅವ್ವ ದಿನವಿಡೀ ಕೈ ನೋಯಿಸಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಈಗ ಹಾಳೆ ಬಂದಿದೆ ಎಂದು ಪಕ್ಕದವಳಿಗೆ ಹೇಳಿದೆ, ಅವಳಿಗೆ ಏನೂ ಅರ್ಥವಾಗಲಿಲ್ಲ.

ಈಗ ಆ ಪದ ಎಲ್ಲೆಲ್ಲೂ ಇದೆ. ಬ್ಯೂಟಿ ಪಾರ್ಲರಿನವಳು ಹೇರ್ ಡ್ರೈಯರಿನ ಬಾಯಿಗೆ ತೂತುತೂತಿನ ಬಟ್ಟಲು ಸಿಕ್ಕಿಸಿ ಡಿಫ್ಯೂಸರ್ ಅನ್ನುತ್ತಾಳೆ, ಗಾಳಿ ಚದುರಿದರೆ ಗುಂಗುರು ಕೂದಲು ಕೆಡುವುದಿಲ್ಲವಂತೆ. ದೊಡ್ಡಪ್ಪನ ಮನೆಗೆ ಸೊಸೆ ಒಂದು ಡಿಫ್ಯೂಸರ್ ತಂದಿಟ್ಟಳು, ನೀರಿಗೆ ಎಣ್ಣೆ ಹಾಕಿದರೆ ಹೊಗೆಯ ಹಾಗೆ ಪರಿಮಳ ಬಿಡುವಂಥದ್ದು. ಅವನು ಬಂದವರಿಗೆಲ್ಲ ಅದನ್ನು ತೋರಿಸಿ ಅರ್ಥ ವಿವರಿಸುತ್ತಿದ್ದ. ನನಗೂ ವಿವರಿಸಿದ. ಹರಡೋದು ಕಣಮ್ಮ, ಹರಡೋದು ಅಂದ. ನಾನು ಹೌದಾ ದೊಡ್ಡಪ್ಪ ಅಂದೆ. ಇನ್ನೊಂದು ಸಲ ಮಹಿಳಾ ಸಂಘದ ಶಿಬಿರಕ್ಕೆ ಬಂದ ಮೇಡಮ್ಮು, ಕೋಪ ಬಂದರೆ ಉಸಿರು ಎಳೆದು ಬಿಟ್ಟು ಅದನ್ನು ಡಿಫ್ಯೂಸ್ ಮಾಡಿಕೊಳ್ಳಿ ಎಂದು ಹೇಳಿಕೊಟ್ಟಳು. ನಾನು ಉಸಿರು ಎಳೆಯಲೂ ಇಲ್ಲ, ಬಿಡಲೂ ಇಲ್ಲ. ನನ್ನ ಕೋಪ ನಾಲ್ಕೂ ಕಡೆ ಚದುರಲಿಕ್ಕೆ ಬಂದದ್ದಲ್ಲ, ಒಬ್ಬನ ಮುಖದ ಮೇಲೆ ನೇರವಾಗಿ ಬೀಳಬೇಕಾದದ್ದು.

ಅದಕ್ಕೆ ಗಾಳ ಹಾಕಿದೆ. ದೊಡ್ಡಪ್ಪನ ಮಗಳ ಮದುವೆಗೆ ಫೋಟೋ ತೆಗೆಯಲು ನಾನೇ ಕೇಳಿಕೊಂಡು ಹೋದೆ. ಧಾರೆಯ ಹೊತ್ತಿನಲ್ಲಿ ಅವನ ಮೇಲೆ ಬೆಳಕನ್ನು ಎಷ್ಟು ಮೆತ್ತಗೆ ಹಾಕಿದೆನೆಂದರೆ ಅವನ ಮುಖದ ಗಂಟು ಗೆರೆಗಳೆಲ್ಲ ಕರಗಿ ಯಾವುದೋ ಸಾಧು ಸತ್ಪುರುಷನ ಹಾಗೆ ಕಂಡ. ಅದನ್ನು ದೊಡ್ಡದು ಮಾಡಿಸಿ ಮಂಡಿಯಲ್ಲಿ ಹಾಕಿಕೊಂಡ. ನಮ್ಮುಡುಗಿ ಥರ ಯಾರ್ಗೂ ಬರಲ್ಲ, ಡಿಫ್ಯೂಸ್ ಅಂತಾರಲ್ಲ ಅದು ಎಂದು ಊರಿಗೆಲ್ಲ ಹೇಳಿಕೊಂಡ. ತನ್ನ ಕೂತ ಫೋಟೋ ತೆಗೆಯಲು ನನ್ನನ್ನೇ ಕರೆಸಬೇಕೆಂದು ಮಕ್ಕಳಿಗೆ ಅಪ್ಪಣೆ ಮಾಡಿದ. ಅಜ್ಜಿಯ ಪಕ್ಕ ಖಾಲಿ ಇದ್ದ ಜಾಗಕ್ಕೆ ತಾನೇ ನಿಂತು ಮೊಳೆ ಹೊಡೆಸಿಟ್ಟಿದ್ದ. ಅವ್ವನಿಗೆ ಕೊಡದ ಜಾಗ ಅದು.

ಹೋದ ವರ್ಷ ಅವನು ಸತ್ತ ಸುದ್ದಿ ಬೆಳಿಗ್ಗೆ ಫೋನಿನಲ್ಲಿ ಬಂತು. ದೊಡ್ಡ ಮಗ ಅಳುತ್ತಲೇ, ನೀನೇ ಬರಬೇಕಂತೆ ಕಣಮ್ಮ ಅಂದ. ನನಗೆ ದುಃಖ ಆಗಲಿಲ್ಲ, ಸಂತೋಷ ಆಯಿತು. ಇದನ್ನು ಮುಚ್ಚಿಟ್ಟು ಏನಾಗಬೇಕು. ಸ್ನಾನ ಮಾಡಿದೆ, ಒಳ್ಳೆಯ ಸೀರೆ ಉಟ್ಟೆ, ಕ್ಯಾಮೆರಾ ಫ್ಲ್ಯಾಶು ತೆಗೆದುಕೊಂಡೆ. ಅಟ್ಟದ ಮೇಲಿದ್ದ ಅವ್ವನ ಪಂಚೆಯನ್ನೂ ಇಳಿಸಿದೆ. ಹಿಡಿಯುವುದಕ್ಕಲ್ಲ. ಅದನ್ನು ಅವನ ಕಣ್ಣೆದುರಿಗೆ ಮಡಿಸಿ ನೆಲದ ಮೇಲೆ ಇಟ್ಟು, ಬೇಡ ಅಂದಿದ್ದೆಯಲ್ಲ, ತಗೋ ಎಂದು ಮನಸ್ಸಿನಲ್ಲೇ ಹೇಳಬೇಕಿತ್ತು.

ಹಾಲಿನಲ್ಲಿ ಆ ಗೋಡೆಯ ಕೆಳಗೇ ಕೂರಿಸಿದ್ದರು. ಹಣೆಯ ಮೇಲೆ ಮೂರು ಪಟ್ಟಿ ವಿಭೂತಿ ದಪ್ಪಗೆ, ಕೆನ್ನೆಯ ಮೇಲೂ ಉದುರಿತ್ತು. ಬಲಗೈ ಕುರ್ಚಿಯ ತೋಳಿನ ಮೇಲೆ, ಅಂಗೈ ಕೆಳಗೆ. ನೋಡಿದ ಕೂಡಲೇ ಆ ಕೈಯ ಗುರುತು ಸಿಕ್ಕಿತು. ಅವನ ಬೆನ್ನ ಕಡೆಯ ಕಿಟಕಿಯಿಂದ ಬಿಸಿಲು ಜೋರಾಗಿದ್ದರಿಂದ ಮೊಮ್ಮಕ್ಕಳು ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲೆಲ್ಲ ಅವನ ಮುಖ ಕಪ್ಪಗಿತ್ತು. ಫ್ಲ್ಯಾಶು ಬೇಕೇ ಬೇಕಿತ್ತು, ಎಲ್ಲರೂ ನನಗಾಗಿ ಕಾಯುತ್ತಿದ್ದರು.

ನಾನು ಪಂಚೆಯನ್ನು ಅವನ ಕಾಲ ಬಳಿ ಇಟ್ಟು ಫ್ಲ್ಯಾಶಿಗೆ ಸೆಲ್ ಹಾಕುತ್ತಿದ್ದೆ. ತಲೆ ಎತ್ತಿ ನೋಡಿದರೆ ದೊಡ್ಡಮ್ಮ ಅದರ ಕೋಲು ಹಿಡಿದು ನಿಂತಿದ್ದಾಳೆ. ಹೆಂಗಸರ ಮಧ್ಯದಿಂದ ಯಾವಾಗ ಎದ್ದು ಬಂದಳೋ ತಿಳಿಯಲಿಲ್ಲ. ವಯಸ್ಸಾಗಿ ಬಾಗಿದ್ದಳು, ಕೋಲು ಅವಳಿಗಿಂತ ಎತ್ತರವಿತ್ತು. ಎಲ್ಲಿ ನಿಂತ್ಕಳ್ಲಿ ಎಂದು ಕೇಳಿದಳು. ಅವತ್ತು ಸ್ಟುಡಿಯೋದಲ್ಲಿ ಅರ್ಧಕ್ಕೆ ಕೂತುಕೊಂಡ ಹೆಂಗಸು ಇಷ್ಟು ವರ್ಷದ ಮೇಲೆ ಪೂರ್ತಿ ಎದ್ದು ಬಂದಿದ್ದಳು.

ಅವಳು ಪಂಚೆ ಹಿಡಿದರೆ ಅವನ ಮುಖ ಚೆನ್ನಾಗಿ ಬರುತ್ತದೆ, ನಾನು ಕಾದದ್ದೆಲ್ಲ ಹೊಳೆಗೆ ಹೋಗುತ್ತದೆ. ಹಿಡಿಯಬೇಡ ಅಂದರೆ ಅವನು ಮಾಡಿದ್ದನ್ನೇ ನಾನೂ ಅವಳಿಗೆ ಮಾಡಿದ ಹಾಗಾಗುತ್ತದೆ. ಅವಳ ಕೈಯಿಂದ ಕೋಲು ತೆಗೆದುಕೊಂಡೆ. ಇನ್ನೊಂದು ಕುರ್ಚಿ ತರಿಸಿ ಅವನ ಬಲಕ್ಕೆ, ಪಕ್ಕದ ಬಿಳಿ ಗೋಡೆಯ ಕಡೆಗೆ ಹಾಕಿಸಿದೆ.

"ನೀನು ಕೂತ್ಕ ದೊಡ್ಡಮ್ಮ."

"ಬಟ್ಟೆ ಯಾರು ಹಿಡ್ಕತಾರೆ?"

"ಯಾರೂ ಬ್ಯಾಡ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಪಂಚೆ ನೋಡಿದಳು. ಕೂತು, ಸೆರಗು ಸರಿ ಮಾಡಿಕೊಂಡು, ಕೂದಲನ್ನು ಕಿವಿಯ ಹಿಂದಕ್ಕೆ ಸೇರಿಸಿ, ಕ್ಯಾಮೆರಾದ ಕಡೆ ನೇರವಾಗಿ ತಿರುಗಿದಳು.

ನಾನು ಅಪ್ಪನ ಸೆಟ್ಟಿಂಗನ್ನೇ ಇಟ್ಟೆ. ಎರಡು ಮಡಿಕೆ ಪಂಚೆಗೆ ಎಷ್ಟು ತೆರೆಯುತ್ತಿದ್ದನೋ ಅಷ್ಟೇ ತೆರೆದೆ, ಫ್ಲ್ಯಾಶು ಪೂರ್ತಿ ಜೋರು. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಒಂದು ಕೈಯಲ್ಲಿ ಹಿಡಿದು, ತೋಳು ಚಾಚಿ ಅವನ ಎಡಗಡೆಯಿಂದ ಮುಖದ ಹತ್ತಿರಕ್ಕೆ ಒಯ್ದೆ. ಏಟು ಪೂರ್ತಿ ಅವನಿಗೆ. ಅವನನ್ನು ದಾಟಿ ಹೋದ ಬೆಳಕು ಆಚೆಯ ಬಿಳಿ ಗೋಡೆಗೆ ಬಡಿದು, ಅಲ್ಲಿ ಚದುರಿ, ಹಿಂದಕ್ಕೆ ಬಂದು ದೊಡ್ಡಮ್ಮನ ಮೇಲೆ ಇಳಿಯಬೇಕು. ಒತ್ತಿದೆ. ಹಾಲು ಬೆಳ್ಳಗಾಗಿ ಮತ್ತೆ ಮೊದಲಿನಂತಾಯಿತು. ಚೆನ್ನಾಗಿ ಬಂತಾ ಎಂದು ಮಗ ಕೇಳಿದ. ಬೇಕಾದ ಹಾಗೆ ಬಂತು ಅಂದೆ. ಕ್ಯಾಮೆರಾದ ಪರದೆಯನ್ನು ಯಾರಿಗೂ ತೋರಿಸಲಿಲ್ಲ.

ಅವನ ತಿಥಿ ಊಟದ, ಅಂದರೆ ಶಿವಗಣಾರಾಧನೆಯ ದಿನ ಗೋಡೆಯ ಅಳತೆಯ ಚೌಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ಪೇಪರು ಸುತ್ತಿ, ಗುಬ್ಬಿ ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು. ನೆಂಟರೆಲ್ಲ ಊಟ ಮುಗಿಸಿ ಹೋದ ಮೇಲೆ ದೊಡ್ಡ ಮಗ ಬಿಚ್ಚಿದ. ಹಾರ ಇತ್ತು, ರೇಷ್ಮೆ ಶಲ್ಯ ಇತ್ತು, ರುದ್ರಾಕ್ಷಿ ಇತ್ತು. ಶಲ್ಯದ ಮೇಲೆ ಒಂದು ಬಿಳಿ ಉಂಡೆ. ಪಕ್ಕದಲ್ಲಿ ದೊಡ್ಡಮ್ಮ, ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟವಾಗಿ, ಮೂಗುತಿಯ ಹರಳಿನ ಸಮೇತ. ಮಗನ ಮುಖ ಕೆಂಪಗಾಯಿತು. ಇದೇನು ಮಾಡಿಟ್ಟಿದೀಯ, ಅಪ್ಪನ ಮುಖಾನೇ ಇಲ್ಲ, ಇದನ್ನ ಹೇಗೆ ಗೋಡೆಗೆ ಹಾಕೋದು, ಬೇಕಂತಲೇ ಮಾಡಿದೀಯ ಎಂದು ಒಂದೇ ಸಮನೆ ಕೂಗಾಡಿದ. ಅವನ ಅಪ್ಪ ಹೊಡೆಸಿಟ್ಟ ಮೊಳೆಯನ್ನೇ ನೋಡುತ್ತ ನಿಂತಿದ್ದೆ.

ದೊಡ್ಡಮ್ಮ ಫೋಟೋ ಇಸಕೊಂಡಳು. ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಸೋಫಾದ ಮೇಲೆ ಕವುಚಿ ಹಾಕಿದಳು. ಅವ್ವನ ಫೋಟೋವನ್ನು ಹಾಕಿದ್ದ ಅದೇ ಸೋಫಾ.

"ಮುಖ ಇಲ್ದಿರೋ ಫೋಟೋ ಈ ಗೋಡೆಗೆ ಬ್ಯಾಡ," ಅಂದಳು. "ನಿಮ್ಮಪ್ಪ ಮಾಡಿದ್ ಕಾನೂನು ಕಣೋ."

ಮಗ ಕೂತುಬಿಟ್ಟ. ಅಪ್ಪನ ಕಾನೂನು ಅಂದ ಮೇಲೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ದೊಡ್ಡಪ್ಪನೇ ಹಾಗೆ ಪಳಗಿಸಿದ್ದ. ಮೊಳೆ ಇವತ್ತಿಗೂ ಖಾಲಿ ಇದೆ. ಮಂಡಿಯಲ್ಲಿ ಮದುವೆಯ ಫೋಟೋ ಇದೆ, ಇರಲಿ, ಆ ಸಾಲಿಗೆ ಅದು ನಡೆಯುವುದಿಲ್ಲ. ಸೇಡು ತೀರಿಸಿಕೊಂಡರೆ ಮನಸ್ಸಿಗೆ ನೆಮ್ಮದಿ ಸಿಗುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ನನಗೆ ಸಿಕ್ಕಿತು. ಅವತ್ತು ಅಲ್ಲಿ ಹೋಳಿಗೆ ಊಟ ಮಾಡಿದೆ, ತುಪ್ಪ ಹಾಕಿಸಿಕೊಂಡೆ.

ಹೊರಡುವಾಗ ದೊಡ್ಡಮ್ಮ ಆ ಫೋಟೋವನ್ನು ನನ್ನ ಕೈಗೇ ಕೊಟ್ಟು, ತನ್ನ ಅರ್ಧ ಮಾತ್ರ ಕತ್ತರಿಸಿ ಚೌಕಟ್ಟು ಹಾಕಿಸಿಕೊಡು ಅಂದಳು. ತನಗೂ ಒಂದು ಒಳ್ಳೆಯ ಫೋಟೋ ಅಂತ ಇರಲಿಲ್ಲವಂತೆ. ಇಷ್ಟು ವರ್ಷದಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ. ಹೊಸ ಪ್ರಿಂಟು ತೆಗೆದು, ಅವಳನ್ನು ಮಾತ್ರ ಉಳಿಸಿ, ಮುಂದಿನ ವಾರವೇ ಒಯ್ದು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ತನ್ನ ಮುಖವನ್ನು ನೋಡಿ ಒಂದು ಚೂರು ನಕ್ಕಳು. ಆಮೇಲೆ ಚೌಕಟ್ಟಿನ ಅಂಚಿಗೆ ಬೆರಳಿಟ್ಟಳು. ಅಲ್ಲಿ ಕುರ್ಚಿಯ ತೋಳಿನ ತುದಿಯೂ ಅದರ ಮೇಲೆ ಅವನ ನಾಲ್ಕು ಬೆರಳೂ ಉಳಿದುಬಿಟ್ಟಿದ್ದವು.

"ಕೈ ಇನ್ನೂ ಐತಲ್ಲೇ," ಅಂದಳು. "ಅದ್ನೂ ತೆಗಿ."